ಟೀಚರ್, ಸಿನಿಮಾ ಹಾಕ್ತೀರೇನ್ರಿ?

ಪ್ರಶ್ನೆ: ಮೇಡಂ, ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಶಾಲೆಗೆ ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್ ಇದೆ. ಇಂಟರ್‌ನೆಟ್ ಎಂದರೆ ನನ್ನ ಫೋನಿನ ಹಾಟ್‌ಸ್ಪಾಟ್. ಕಳೆದ ವರ್ಷ ತರಬೇತಿಯೊಂದರಲ್ಲಿ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುವ ಟೂಲ್‌ಗಳ ಉದ್ದ ಪಟ್ಟಿಯನ್ನೇ ಕೊಟ್ಟರು. ಎಲ್ಲದರಲ್ಲೂ ಖಾತೆ ತೆರೆದೆ. ಮನೆ ಕೆಲಸ ಮುಗಿಸಿ ರಾತ್ರಿ ಹನ್ನೊಂದರವರೆಗೆ ಕೂತು ಕ್ಯಾನ್ವಾದಲ್ಲಿ ಸ್ಲೈಡ್ ಮಾಡುತ್ತೇನೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನೋಟ್ಸನ್ನು ಅದರಲ್ಲಿ ಅಂಟಿಸಿದರೆ ಅಕ್ಷರಗಳೆಲ್ಲ ಚಿತ್ರವಿಚಿತ್ರವಾಗುತ್ತವೆ. ಮತ್ತೆ ಮೊದಲಿಂದ ಟೈಪ್ ಮಾಡಬೇಕು. ಮೊದಮೊದಲು ಮಕ್ಕಳು ಚಪ್ಪಾಳೆ ತಟ್ಟಿದರು. ಈಗ ವೈರ್ ಜೋಡಿಸುವಾಗಲೇ ಹಿಂದಿನ ಬೆಂಚಿನಿಂದ ‘ಟೀಚರ್, ಸಿನಿಮಾ ಹಾಕ್ತೀರೇನ್ರಿ?’ ಎಂದು ಕೇಳುತ್ತಾರೆ. ಸ್ಲೈಡ್ ಮುಗಿದ ಮೇಲೆ ಪ್ರಶ್ನೆ ಕೇಳಿದರೆ ಅದೇ ನಾಲ್ಕು ಮಕ್ಕಳು ಕೈ ಎತ್ತುತ್ತಾರೆ. ನಮ್ಮ ವಿಷಯ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇರೆಯವರು ದಿನಾ ವಿಡಿಯೋ, ಪೋಸ್ಟರ್ ಹಾಕುತ್ತಾರೆ. ಅದನ್ನು ನೋಡಿದರೆ ನನ್ನ ಮೇಲೇ ಬೇಸರವಾಗುತ್ತದೆ. ಪೋರ್ಷನ್ ಬೇರೆ ಹಿಂದೆ ಬಿದ್ದಿದೆ. ನಾನು ಈ ಕಾಲಕ್ಕೆ ಸಲ್ಲದ ಶಿಕ್ಷಕಿಯೇ? — ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಇನ್ನೊಮ್ಮೆ ನೀವೇ ಓದಿ, ಟೀಚರ್. ಖಾತೆ ತೆರೆದವರು ನೀವು, ಸ್ಲೈಡ್ ಮಾಡಿದವರು ನೀವು, ಬಣ್ಣ ಆರಿಸಿದವರು ನೀವು, ಟೈಪ್ ಮಾಡಿದವರೂ ನೀವೇ. 46 ಮಕ್ಕಳಿಗೆ ಉಳಿದ ಕೆಲಸ ಒಂದೇ: ಕೈಕಟ್ಟಿ ಕೂತು ನೋಡುವುದು. ಹಿಂದಿನ ಬೆಂಚಿನ ಹುಡುಗ ತಮಾಷೆಗೆ ಕೇಳಿರಬಹುದು, ಆದರೆ ಕೇಳಿದ್ದು ಸರಿಯಾಗಿಯೇ ಇದೆ. ಅದು ಸಿನಿಮಾವೇ. ನೀವು ಕಾಲಕ್ಕೆ ಸಲ್ಲದವರೇನೂ ಅಲ್ಲ. ಮಕ್ಕಳು ಮಾಡಬೇಕಾದ ಸೃಜನಶೀಲ ಕೆಲಸವನ್ನೆಲ್ಲ ಅವರ ಪರವಾಗಿ ರಾತ್ರಿ ಕೂತು ನೀವೊಬ್ಬರೇ ಮಾಡಿ ಮುಗಿಸುತ್ತಿದ್ದೀರಿ, ಅಷ್ಟೇ.

ಇದಕ್ಕೆ ತರಬೇತಿ ಕೊಟ್ಟವರನ್ನೂ ಒಂದಿಷ್ಟು ದೂರಬೇಕು. ಪಟ್ಟಿ ಕೊಟ್ಟು ಕಳಿಸುವುದು ಸುಲಭ. 46 ಮಕ್ಕಳು, ಒಂದು ಲ್ಯಾಪ್‌ಟಾಪ್ ಇರುವ ಕೋಣೆಯಲ್ಲಿ ಅದನ್ನು ಹೇಗೆ ನಡೆಸುವುದೆಂದು ಯಾರೂ ನಿಂತು ತೋರಿಸುವುದಿಲ್ಲ. ಪಟ್ಟಿಯಲ್ಲಿರುವ ಎಷ್ಟೋ ಟೂಲ್‌ಗಳನ್ನು ಪ್ರತಿ ಮಗುವಿನ ಕೈಯಲ್ಲೂ ಒಂದು ಸಾಧನ ಇರುತ್ತದೆ ಎಂದುಕೊಂಡೇ ಮಾಡಿರುತ್ತಾರೆ. ಆದ್ದರಿಂದ ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ನಿಮ್ಮ ಕೋಣೆಗೆ ಹೊಂದುವ ಎರಡು ಮೂರನ್ನಷ್ಟೇ ಹೇಳುತ್ತೇನೆ. ಯಾವುದನ್ನು ಆರಿಸುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಮಕ್ಕಳು ಏನು ಮಾಡುತ್ತಾರೆ? ‘ನೋಡುತ್ತಾರೆ’ ಎಂಬ ಉತ್ತರ ಬಂದರೆ ಆ ರಾತ್ರಿ ಬೇಗ ಮಲಗಿಬಿಡಿ.

‘ಅದೇ ನಾಲ್ಕು ಮಕ್ಕಳು’ ಎಂದಿರಲ್ಲ, ಅಲ್ಲಿಂದ ಶುರು ಮಾಡೋಣ. ಪ್ಲಿಕರ್ಸ್ ಎಂಬ ಆ್ಯಪ್ ಒಂದಿದೆ. ಇದರಲ್ಲಿ ಮಕ್ಕಳಿಗೆ ಫೋನ್ ಬೇಡ, ಕಾಗದದ ಕಾರ್ಡ್ ಸಾಕು. ಪ್ರತಿ ಕಾರ್ಡಿನ ಮೇಲೆ ಕಪ್ಪು ಚೌಕಗಳ ಒಂದು ಆಕೃತಿ ಇರುತ್ತದೆ. ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡನ್ನು ತಿರುಗಿಸಿ ಎತ್ತಿ ಹಿಡಿಯಬೇಕು. ನೀವು ಮುಂದೆ ನಿಂತು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನವಾಗಿ ಹಾಯಿಸಿದರೆ ಯಾರು ಯಾವ ಉತ್ತರ ಹಿಡಿದಿದ್ದಾರೆಂದು ಫೋನೇ ಗುರುತಿಸುತ್ತದೆ. ಒಬ್ಬೊಬ್ಬರ ಕಾರ್ಡಿನ ಆಕೃತಿಯೂ ಬೇರೆ ಬೇರೆಯಾದ್ದರಿಂದ ಪಕ್ಕದವನದನ್ನು ನೋಡಿ ಹಾಗೆಯೇ ಹಿಡಿಯಲಾಗದು. ತಪ್ಪು ಉತ್ತರ ಹಿಡಿದವಳನ್ನು ನೋಡಿ ಯಾರೂ ನಗುವಂತೆಯೂ ಇಲ್ಲ. ಕೈ ಎತ್ತದ 42 ಮಕ್ಕಳ ಸಂಕೋಚ ಇಲ್ಲಿ ಅರ್ಧ ಕರಗುತ್ತದೆ. 40 ಮತ್ತು 63 ಕಾರ್ಡುಗಳ ಎರಡು ಕಟ್ಟು ಸಿಗುತ್ತವೆ. ನಿಮಗೆ ಬೇಕಾಗುವುದು ಎರಡನೆಯದು. ಸಾದಾ ಹಾಳೆಯಲ್ಲಿ ಮುದ್ರಿಸಿ ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿ. ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಕಿಟಕಿಯ ಬೆಳಕು ಹೊಳೆದರೆ ಕ್ಯಾಮೆರಾ ಓದುವುದಿಲ್ಲ.

ಕಾರ್ಡಿನ ಲಾಭ ಇಷ್ಟಕ್ಕೇ ಮುಗಿಯುವುದಿಲ್ಲ. ಎರಡು ವಾರ ಕಳೆದ ಮೇಲೆ ಪ್ರಶ್ನೆ ತಯಾರಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ. ‘ಗುಂಪಿಗೆ ಎರಡು ಪ್ರಶ್ನೆ, ಮೂರು ತಪ್ಪು ಆಯ್ಕೆ ನಂಬುವಂತಿರಬೇಕು’ ಎಂದು ಹೇಳಿ. ನಂಬುವಂಥ ತಪ್ಪು ಉತ್ತರ ಹುಡುಕಲು ಪಾಠವನ್ನು ಎಷ್ಟು ಚೆನ್ನಾಗಿ ತಿಳಿದಿರಬೇಕೆಂದು ನಿಮಗೆ ನಾನು ಹೇಳಬೇಕಿಲ್ಲ, ಪ್ರಶ್ನೆಪತ್ರಿಕೆ ತೆಗೆದವರಿಗೆ ಅದು ಗೊತ್ತು.

ಎರಡನೆಯದು ಫೆಟ್. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಇದು. ವಿಜ್ಞಾನ, ಗಣಿತದ ಪ್ರಯೋಗಗಳನ್ನು ಪರದೆಯ ಮೇಲೆ ಕೈಯಾರೆ ಮಾಡಿ ನೋಡಬಹುದು. ಖಾತೆ ಬೇಕಿಲ್ಲ, ಹಣ ಕೊಡಬೇಕಿಲ್ಲ. ನಿಮ್ಮಂಥವರಿಗೆ ಎಲ್ಲಕ್ಕಿಂತ ದೊಡ್ಡ ಅನುಕೂಲ ಎಂದರೆ ಮನೆಯಲ್ಲಿ ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಶಾಲೆಯಲ್ಲಿ ನೆಟ್ ಇಲ್ಲದೆಯೂ ಅದು ನಡೆಯುತ್ತದೆ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳಿ. ಅದಕ್ಕೆ ಫೆಟ್ಟಿನಲ್ಲಿ ವಿದ್ಯುತ್ ಮಂಡಲ ಕಟ್ಟುವ ಕಿಟ್ ಇದೆ: ಬ್ಯಾಟರಿ, ತಂತಿ, ಬಲ್ಬ್, ಸ್ವಿಚ್. ಮೌಸನ್ನು ನೀವು ಮುಟ್ಟಬೇಡಿ. ಒಂದು ಬಲ್ಬ್ ಉರಿಯುವ ಮಂಡಲವನ್ನು ಒಬ್ಬ ಹುಡುಗಿ ಕಟ್ಟಲಿ. ಈಗ ನಿಲ್ಲಿಸಿ ಕೇಳಿ: ‘ಇದಕ್ಕೆ ಸಮಾಂತರವಾಗಿ ಇನ್ನೊಂದು ಬಲ್ಬ್ ಸೇರಿಸಿದರೆ ಮೊದಲನೆಯದರ ಬೆಳಕು ಏನಾಗುತ್ತದೆ?’ ಎಲ್ಲರೂ ನೋಟ್‌ಬುಕ್ಕಿನಲ್ಲಿ ಊಹೆ ಬರೆಯಬೇಕು, ಕಾರಣ ಒಂದು ಸಾಲು. ಬರೆಯದೆ ಮುಂದಕ್ಕೆ ಹೋಗುವಂತಿಲ್ಲ. ಹೆಚ್ಚಿನವರು ‘ಎರಡಕ್ಕೂ ಹಂಚಿಹೋಗಿ ಮಂಕಾಗುತ್ತದೆ’ ಎಂದೇ ಬರೆಯುತ್ತಾರೆ. ಹುಡುಗಿ ಬಲ್ಬ್ ಜೋಡಿಸುತ್ತಾಳೆ. ಎರಡೂ ಮೊದಲಿನಷ್ಟೇ ಬೆಳಗುತ್ತವೆ. ಆಗ ತರಗತಿಯಲ್ಲಿ ಏಳುವ ಗದ್ದಲವನ್ನು ದಯವಿಟ್ಟು ‘ಸೈಲೆನ್ಸ್’ ಎಂದು ಅಡಗಿಸಬೇಡಿ. ನೀವು ಸ್ಲೈಡಿನಲ್ಲಿ ಹುಡುಕುತ್ತಿದ್ದದ್ದು ಅದನ್ನೇ.

ಮರುದಿನ ನಿಜವಾದ ಟಾರ್ಚ್ ಸೆಲ್, ಸಣ್ಣ ಬಲ್ಬುಗಳನ್ನು ತನ್ನಿ. ಅಲ್ಲಿ ಎರಡನೇ ಬಲ್ಬ್ ಸೇರಿಸಿದಾಗ ಬೆಳಕು ತುಸು ಕುಗ್ಗಬಹುದು. ಚುರುಕಾದ ಮಗುವೊಂದು ‘ಕಂಪ್ಯೂಟರ್ ಸುಳ್ಳು ಹೇಳ್ತದ್ರಿ’ ಎನ್ನುತ್ತದೆ. ಬಹಳ ಒಳ್ಳೆಯದು. ಸೆಲ್ಲಿಗೂ ತನ್ನದೇ ಒಂದು ಆಂತರಿಕ ರೋಧ ಇರುತ್ತದೆ, ಪರದೆಯ ಬ್ಯಾಟರಿಗೆ ಅದು ಇರಲಿಲ್ಲ. ಅದೇ ಕಿಟ್‌ನಲ್ಲಿ ಬ್ಯಾಟರಿಯ ಆಂತರಿಕ ರೋಧವನ್ನು ಹೆಚ್ಚಿಸುವ ಜಾರುಪಟ್ಟಿಯೂ ಇದೆ. ಆ ಮಗುವಿನ ಕೈಗೇ ಮೌಸ್ ಕೊಟ್ಟು ಪರದೆಯ ಬಲ್ಬನ್ನು ನಿಜದ ಬಲ್ಬಿನಂತೆ ಮಂಕಾಗಿಸಲು ಹೇಳಿ. ಇನ್ನೊಂದು ಮಾತು: ಬಲ್ಬ್ ಇಲ್ಲದೆ ತಂತಿಯನ್ನು ನೇರ ಬ್ಯಾಟರಿಯ ಎರಡೂ ತುದಿಗೆ ಜೋಡಿಸಿದರೆ ಪರದೆಯಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ನೀವು ಹೇಳದಿದ್ದರೂ ಮಕ್ಕಳು ಇದನ್ನು ಮೊದಲ ದಿನವೇ ಕಂಡುಹಿಡಿಯುತ್ತಾರೆ. ಬೈಯಬೇಡಿ, ಅಲ್ಲಿಂದಲೇ ಶಾರ್ಟ್ ಸರ್ಕ್ಯೂಟ್ ಮತ್ತು ಫ್ಯೂಸ್ ಪಾಠಕ್ಕೆ ಹೋಗಿ. ಮನೆಯ ಪ್ಲಗ್ಗಿನಲ್ಲಿ ಇದನ್ನು ಮಾಡಬಾರದೆಂದು ಮಾತ್ರ ಗಟ್ಟಿಯಾಗಿ ಹೇಳಿ.

ಇನ್ನು ಮೂರನೆಯದಕ್ಕೆ ಯಾವ ಟೂಲ್ ಹೆಸರನ್ನೂ ಹೇಳುವುದಿಲ್ಲ. ನಿಮ್ಮ ಫೋನಿನಲ್ಲಿ ಧ್ವನಿಮುದ್ರಣದ ಆ್ಯಪ್ ಇದ್ದೇ ಇರುತ್ತದೆ. ಆಮ್ಲ, ಪ್ರತ್ಯಾಮ್ಲ ಪಾಠ ಮುಗಿದ ವಾರ ಮಕ್ಕಳನ್ನು ಆರೇಳರ ಗುಂಪು ಮಾಡಿ, ಮೂರು ನಿಮಿಷದ ರೇಡಿಯೋ ಕಾರ್ಯಕ್ರಮ ಬರೆದು ಓದಲು ಹೇಳಿ. ಅರಿಶಿನದ ಕಲೆ ಬಿದ್ದ ಅಂಗಿ ತನ್ನ ಕಥೆ ಹೇಳಲಿ: ಸೋಪು ಹಚ್ಚಿದಾಗ ಕಲೆ ಕೆಂಪಗಾಯಿತು, ನೀರಲ್ಲಿ ಚೆನ್ನಾಗಿ ಜಾಲಿಸಿದಾಗ ಮತ್ತೆ ಹಳದಿಯಾಯಿತು, ಏಕೆ? ಇನ್ನೊಂದು ಗುಂಪು ಎದೆಯುರಿ ಬಂದ ಅಜ್ಜನನ್ನೂ ಅವನಿಗೆ ಆಂಟಾಸಿಡ್ ಕೊಟ್ಟ ಡಾಕ್ಟರನ್ನೂ ಸಂದರ್ಶಿಸಲಿ. ನಿಮ್ಮ ಊರಿನ ಮಾತಿನಲ್ಲೇ ಬರೆಯಲಿ. ‘ಪ್ರತ್ಯಾಮ್ಲ’ ಎಂಬ ಪದ ಎಲ್ಲಿ ಬರಬೇಕೋ ಅಲ್ಲಿ ಬಂದರೆ ಸಾಕು, ಉಳಿದದ್ದು ಗ್ರಂಥಭಾಷೆಯಲ್ಲಿ ಇರಬೇಕಿಲ್ಲ. ಬಾಯಿ ಬಿಡದ ಮಕ್ಕಳಲ್ಲಿ ಕೆಲವರು ಒಳ್ಳೆಯ ದನಿ ಇದ್ದವರಿರುತ್ತಾರೆ. ಮುಖ ಕಾಣಿಸಬೇಕಿಲ್ಲವಾದ್ದರಿಂದ ಅವರಿಗೆ ವಿಡಿಯೋಗಿಂತ ಇದು ಹಗುರ. ಇದನ್ನೇ ಎಫ್ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ತೆಗೆದುಕೊಂಡು ಅಂಕ ಕೊಡಿ. ಪೋರ್ಷನ್ ಹಿಂದೆ ಬೀಳುವ ಚಿಂತೆಗೂ ಇದರಲ್ಲಿ ಪರಿಹಾರವಿದೆ. ಹೇಗೂ ಚಟುವಟಿಕೆ ಮಾಡಿಸಿ ಕಡತ ಬರೆಯಲೇಬೇಕಲ್ಲ, ಥರ್ಮೋಕೋಲ್ ಮಾದರಿ ತರಿಸುವ ಬದಲು ಇದು ಆಗಲಿ.

ಭಾಷಾ ಶಿಕ್ಷಕರು ಒಪ್ಪಿದರೆ ಅವರ ಕಿವಿಗೆ ‘ಸ್ಟೋರಿವೀವರ್’ ಹೆಸರು ಹಾಕಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಮಕ್ಕಳ ಕಥೆಗಳ ಜಾಲತಾಣ ಅದು. ಕನ್ನಡ ಕಥೆಗಳೂ ಇವೆ. ಅಲ್ಲಿರುವ ಚಿತ್ರಗಳನ್ನು ಆರಿಸಿಕೊಂಡು ಮಕ್ಕಳು ತಮ್ಮದೇ ಕಥೆ ಹೆಣೆಯಬಹುದು. ಮುಕ್ತ ಪರವಾನಗಿ ಇರುವುದರಿಂದ ಯಾರ ಚಿತ್ರವನ್ನೋ ಕದ್ದೆವೆಂಬ ಅಳುಕಿಲ್ಲ. ನಿಮ್ಮ ಹೊರೆಯೂ ಅಷ್ಟು ಕಡಿಮೆಯಾಗುತ್ತದೆ.

ಇನ್ನು ನೀವು ಹೇಳಿದ ಅಕ್ಷರ ಕೆಡುವ ವಿಷಯ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ಅಂಟಿಸಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ತಪ್ಪು ನಿಮ್ಮದಲ್ಲ. ಹಳೆಯ ನೋಟ್ಸನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕ ಸಿಗುತ್ತದೆ, ಒಂದು ಸಲ ಕೂತು ಎಲ್ಲವನ್ನೂ ಬದಲಿಸಿಟ್ಟುಕೊಳ್ಳಿ. ಹೊಸದನ್ನು ಫೋನಿನ ಕನ್ನಡ ಕೀಲಿಮಣೆಯಲ್ಲಿ ಬಾಯಲ್ಲೇ ಹೇಳಿ ಬರೆಸಬಹುದು. ‘ಕ್ಷ’, ‘ರ್ಕ’, ‘ಸ್ತ್ರ’ಗಳಂಥ ಒತ್ತಕ್ಷರ, ಅರ್ಕಾವತ್ತು ಕೆಲವು ಟೂಲ್‌ಗಳಲ್ಲಿ ಒಡೆದು ಬೇರೆಯಾಗುತ್ತವೆ. ಪರದೆಗೆ ಹಾಕುವ ಮೊದಲು ಅವನ್ನಷ್ಟು ನೋಡಿಬಿಡಿ.

‘ಉಚಿತ’ದ ಬಗ್ಗೆಯೂ ಎರಡು ಮಾತು. ಗೂಗಲ್‌ನ ಜಾಮ್‌ಬೋರ್ಡ್ ಎಂಬ ಡಿಜಿಟಲ್ ಹಲಗೆ ನೆನಪಿದೆಯೇ? ಕೋವಿಡ್ ಕಾಲದಲ್ಲಿ ಬಹಳ ಶಿಕ್ಷಕರು ಅದನ್ನು ಕಲಿತರು. 2024ರ ಡಿಸೆಂಬರ್ 31ಕ್ಕೆ ಅದು ಮುಚ್ಚಿತು. ಮಕ್ಕಳು ಸಣ್ಣ ವಿಡಿಯೋ ಮಾಡಿ ಉತ್ತರಿಸುತ್ತಿದ್ದ ಫ್ಲಿಪ್ ಎಂಬುದನ್ನು ಮೈಕ್ರೋಸಾಫ್ಟ್ ಅದೇ ವರ್ಷ ಪ್ರತ್ಯೇಕ ಸೇವೆಯಾಗಿ ನಿಲ್ಲಿಸಿತು. ಬಾಡಿಗೆ ಇಲ್ಲದ ಮನೆಯ ಮಾಲೀಕ ಯಾವತ್ತು ಬಿಡು ಎನ್ನುತ್ತಾನೋ ಹೇಳಲಾಗದು. ಮಕ್ಕಳ ಕೆಲಸ ಯಾವುದೇ ಇರಲಿ, ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.

ಇದಕ್ಕಿಂತ ಗಂಭೀರವಾದದ್ದು ಮಕ್ಕಳ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುವುದು ಆ ಕಾಯ್ದೆಯ ನಿಲುವು. ಮಕ್ಕಳ ಹೆಸರು, ಹುಟ್ಟಿದ ದಿನ, ತಂದೆತಾಯಿಯ ಫೋನ್ ನಂಬರು ಕೊಟ್ಟು 46 ಖಾತೆ ತೆರೆಯುವ ಸಾಹಸ ಬೇಡವೇ ಬೇಡ. ನಿಮ್ಮ ಒಂದೇ ಖಾತೆ ಸಾಕು. ಪ್ಲಿಕರ್ಸ್‌ನಲ್ಲಿ ಹೆಸರಿನ ಜಾಗಕ್ಕೆ ರೋಲ್ ನಂಬರ್ ಹಾಕಿ. ಮಕ್ಕಳ ಮುಖ ಇರುವ ವಿಡಿಯೋಗಳನ್ನು ಶಿಕ್ಷಕರ ಗುಂಪಿಗೆ ಹಾಕುವ ರೂಢಿ ನನಗಂತೂ ಹಿಡಿಸುವುದಿಲ್ಲ. ಅಲ್ಲಿಂದ ಅವು ಎಲ್ಲೆಲ್ಲಿಗೆ ಹೋಗುತ್ತವೋ ಬಲ್ಲವರಾರು?

ಆ ಗುಂಪಿನ ವಿಷಯಕ್ಕೆ ಬಂದೆ. ಅಲ್ಲಿ ಬರುವ ಪೋಸ್ಟರಿನ ಕೆಳಗೆ ಮಗುವಿನ ಹೆಸರಿದ್ದರೂ ಕೈಕೆಲಸ ಯಾರದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅಲ್ಪವಿರಾಮ ಕೂಡ ತಪ್ಪದ ಪೋಸ್ಟರನ್ನು ಒಂಬತ್ತನೇ ತರಗತಿಯ ಮಗು ಮಾಡುವುದಿಲ್ಲ. ಆ ಗುಂಪನ್ನು ಮ್ಯೂಟ್ ಮಾಡಿ, ಇಲಾಖೆಯ ಸೂಚನೆಗಳಿಗಾಗಿ ಸಂಜೆ ಒಮ್ಮೆ ತೆರೆದರೆ ಸಾಕು. ಮುಖ್ಯ ಶಿಕ್ಷಕರು ‘ಸ್ಮಾರ್ಟ್ ಕ್ಲಾಸ್ ಯಾಕೆ ಕಡಿಮೆಯಾಯಿತು’ ಎಂದು ಕೇಳಿದರೆ ಬಲ್ಬಿನ ಪಾಠ ನಡೆಯುವ ದಿನ ಅವರನ್ನೇ ಹಿಂದಿನ ಬೆಂಚಿಗೆ ಕರೆದು ಕೂರಿಸಿ. ಊಹೆಯನ್ನು ಅವರೂ ಬರೆಯಲಿ.

ಎಲ್ಲ ಪಾಠಕ್ಕೂ ಪರದೆ ಬೇಕೆಂದೇನೂ ಇಲ್ಲ. ಸೀಮೆಸುಣ್ಣದಲ್ಲಿ ನೀವು ಎಳೆಯುವ ಮಸೂರದ ಕಿರಣಚಿತ್ರವನ್ನು ಮಕ್ಕಳು ನಿಮ್ಮ ಜೊತೆಜೊತೆಗೇ ಎಳೆಯುತ್ತಾರೆ. ಸಿದ್ಧ ಸ್ಲೈಡಿನಲ್ಲಿ ಅದು ಆಗುವುದಿಲ್ಲ. ವಾರಕ್ಕೊಂದು ಪೀರಿಯಡ್ ಕಾರ್ಡು, ಪಾಠಕ್ಕೊಂದು ಫೆಟ್ ಪ್ರಯೋಗ, ಪರೀಕ್ಷೆಗೆ ಮುಂಚೆ ಒಂದು ರೇಡಿಯೋ. ಈ ವರ್ಷಕ್ಕೆ ಇಷ್ಟು ಸಾಕೋ ಸಾಕು. ಈ ಭಾನುವಾರ ಕಾರ್ಡುಗಳನ್ನು ಮುದ್ರಿಸಿ, ರಟ್ಟಿಗೆ ಅಂಟಿಸುವ ಕೆಲಸವನ್ನು ಸೋಮವಾರ ಮಕ್ಕಳಿಗೇ ಬಿಡಿ. ‘ಸಿನಿಮಾ ಹಾಕ್ತೀರೇನ್ರಿ’ ಎಂದವನನ್ನು ಲ್ಯಾಪ್‌ಟಾಪಿನ ಉಸ್ತುವಾರಿಗೆ ನೇಮಿಸಿ, ವೈರ್ ಜೋಡಿಸುವುದರಲ್ಲಿ ಅವನಿಗೆ ಆಸಕ್ತಿ ಇದ್ದಂತಿದೆ. ಉಳಿದ ಖಾತೆಗಳನ್ನೆಲ್ಲ ಅಳಿಸಿಹಾಕಿ, ರಾತ್ರಿ ಹತ್ತಕ್ಕೆ ಮಲಗಿ.