ಹಿತ್ತಲಿನ ತಾವರೆಗೊಳಕ್ಕೆ ಸ್ಥಳವನ್ನಾರಿಸುವ ಕ್ರಮ

ಉಪ್ಪಿನಂಗಡಿಯು ನೇತ್ರಾವತಿ ಕುಮಾರಧಾರಾ ನದಿಗಳ ಸಂಗಮಸ್ಥಾನವು. ಆಷಾಢ ಶ್ರಾವಣಗಳಲ್ಲಿ ಈ ಸೀಮೆಯಲ್ಲಿ ಎತ್ತ ನೋಡಿದರೂ ನೀರು. ಚೈತ್ರ ವೈಶಾಖಗಳಲ್ಲಿ ಮನೆಯ ಬಾವಿಯೇ ತಳ ಕಾಣುವುದುಂಟು. ಹಿತ್ತಲಿನಲ್ಲಿ ತಾವರೆ ನೈದಿಲೆಗಳ ಕೊಳವನ್ನು ಮಾಡಿಸಲಿಚ್ಛಿಸುವ ಜಮೀನುದಾರರು ಈ ಎರಡು ಕಾಲಗಳನ್ನೂ ಯೋಚಿಸಿ ಸ್ಥಳವನ್ನಾರಿಸತಕ್ಕದ್ದು. ಗಿಡವನ್ನು ಬದಲಾಯಿಸಬಹುದು, ತೋಡಿದ ಕೊಳವನ್ನು ಬದಲಾಯಿಸಲಾಗದು.

೧. ಬಿಸಿಲು.— ತಾವರೆಗೆ ದಿನಕ್ಕೆ ಸುಮಾರು ೬ ಗಂಟೆಗಳ ಬಿಸಿಲು ಬೇಕು. ಅಡಿಕೆತೋಟದ ಅಂಚು ತಂಪಾಗಿದ್ದರೂ ಯೋಗ್ಯವಲ್ಲ. ಸೋಗೆಯು ಬಿದ್ದು ಕೊಳೆಯುವುದಲ್ಲದೆ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿನ ಮೈಲುತುತ್ತವು ಮೀನುಗಳಿಗೆ ವಿಷವು.

೨. ನೆರೆ.— ಹೊಳೆಯ ಸಮೀಪದವರು ೧೯೨೩ ಮತ್ತು ೧೯೭೪ರ ನೆರೆಗಳು ಎಲ್ಲಿಯವರೆಗೆ ಏರಿದ್ದುವೆಂಬುದನ್ನು ಹಿರಿಯರ ಮಾತಿನಿಂದ ತಿಳಿದುಕೊಳ್ಳಬೇಕು. ಅಂಗಳದ ಮತ್ತು ಹಟ್ಟಿಯ ನೀರು ಹರಿದುಬರುವ ತಗ್ಗಿನಲ್ಲಿ ಕೊಳವನ್ನು ತೋಡಕೂಡದು. ಅಂಚನ್ನು ಅರ್ಧ ಅಡಿ ಎತ್ತರಿಸಿ, ಹೆಚ್ಚಿನ ನೀರು ತೋಟದ ಕಡೆಗೆ ಹೋಗುವಂತೆ ತೂಬನ್ನಿಡಬೇಕು.

೩. ಬಾವಿ ಮತ್ತು ಮಕ್ಕಳು.— ಕೊಳವು ಕುಡಿಯುವ ನೀರಿನ ಬಾವಿಗಿಂತ ಇಳಿಜಾರಿನ ಕೆಳಭಾಗದಲ್ಲಿದ್ದು, ಕನಿಷ್ಠ ೫೦ ಅಡಿ ದೂರವಿರಲಿ. ಆದರೆ ಅಡಿಗೆಮನೆಯ ಬಾಗಿಲಿನಿಂದ ಅದು ಕಾಣಲೇಬೇಕು. ಒಂದು ಅಡಿ ನೀರಿನಲ್ಲಿಯೂ ಎಳೆಯ ಮಗು ಪ್ರಾಣ ಕಳೆದುಕೊಳ್ಳಬಹುದು. ಮುಳುಗುವ ಮಗು ಕೂಗುವುದು ಅಪೂರ್ವ. ಆದುದರಿಂದ ನೀರು ತುಂಬುವ ಮೊದಲೇ ಸುತ್ತಲೂ ಬಿದಿರಿನ ಬೇಲಿಯನ್ನು ಕಟ್ಟಿಸಬೇಕು.

೪. ಮಣ್ಣು.— ನಮ್ಮ ಮುರಕಲ್ಲು ನೆಲವು ನೀರನ್ನು ಹೀರಿಬಿಡುತ್ತದೆ. ಆರಿಸಿದ ಸ್ಥಳದಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ ಗುರುತಿಟ್ಟು, ಬೆಳಿಗ್ಗೆ ನೋಡಿರಿ. ನೀರು ಬಹಳವಾಗಿ ಇಳಿದಿದ್ದರೆ ಗದ್ದೆಯ ಜೇಡಿಮಣ್ಣನ್ನು ಚೆನ್ನಾಗಿ ತುಳಿದು ತಳಕ್ಕೂ ಬದಿಗಳಿಗೂ ೬ ಅಂಗುಲ ದಪ್ಪವಾಗಿ ಮೆತ್ತಿಸತಕ್ಕದ್ದು.

೫. ಅಳತೆ.— ೧೦ ಅಡಿ ಉದ್ದ, ೬ ಅಡಿ ಅಗಲ, ೨ ಅಡಿ ಆಳದ ಕೊಳವು ಸುಮಾರು ೩,೪೦೦ ಲೀಟರು ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಕಾಲು ಅಂಗುಲ ನೀರು ಆರಿದರೂ ಎರಡು ಮೂರು ಕೊಡಗಳಷ್ಟು ಸುರಿಯಬೇಕಾಗುತ್ತದೆ. ವೈಶಾಖದಲ್ಲಿ ನಿಮ್ಮ ಬಾವಿಯು ಅಷ್ಟನ್ನು ಕೊಡಲಾರದಾದರೆ ಕೊಳವನ್ನು ಕಿರಿದುಮಾಡುವುದೇ ವಿವೇಕವು.

೬. ಸೊಳ್ಳೆ.— ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆಯು ೮–೧೦ ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಆದಕಾರಣ ನೀರು ತುಂಬಿದ ವಾರದೊಳಗೆ ಮರಿಹುಳುಗಳನ್ನು ತಿನ್ನುವ ಊರ ತೋಡಿನ ಸಣ್ಣ ಮೀನುಗಳನ್ನು ಬಿಡಬೇಕು. ನೀಲಿ ಹೂವಿನ ಜಲಕುಂಭಿಯನ್ನು ಅಂದಕ್ಕೆ ಮರುಳಾಗಿ ತರಕೂಡದು. ಅದು ಮಳೆನೀರಿನೊಡನೆ ತೋಡು ಹೊಳೆಗಳನ್ನು ಸೇರಿ ಊರಿಗೇ ಉಪದ್ರವವಾಗುವುದು.

ಮಳೆಗಾಲದಲ್ಲಿ ಒಮ್ಮೆ ಕೊಡೆ ಹಿಡಿದು, ಬೇಸಿಗೆಯ ಮಧ್ಯಾಹ್ನ ಇನ್ನೊಮ್ಮೆ, ಹಿತ್ತಲಿನಲ್ಲಿ ನಿಂತು ನೋಡಿದವರಿಗೆ ತಕ್ಕ ಸ್ಥಳವು ತಾನಾಗಿಯೇ ಗೋಚರಿಸುವುದು. ಫಾಲ್ಗುಣದಲ್ಲಿ ತೋಡಿಸಿ, ಮೊದಲ ಮಳೆಗೆ ಗಡ್ಡೆಯನ್ನು ನೆಡುವುದು ಯುಕ್ತವು. ಗ್ರಾಮದ ಮುಖಂಡರು ಈ ವಿಷಯಗಳನ್ನು ನೆರೆಹೊರೆಯವರಿಗೂ ತಿಳಿಸಬೇಕಾಗಿ ಕೋರಲಾಗಿದೆ.