ಭಾವನ ಮ್ಯಾಗ್ನಮ್

ಎಲ್ಕ್ ಶಿಕಾರಿಗೆ ಯಾವ ತೋಟಾ ಒಳ್ಳೆಯದು ಎಂದು ಕೇಳುವವರಿಗೆ ತೋಟಾದ ಹೆಸರು ಹೇಳುವುದನ್ನೇ ಈಗ ಬಿಟ್ಟಿದ್ದೇನೆ. ಈಡು ಹಾರಿಸುವಾಗ ನಿಮ್ಮ ಕಣ್ಣು ತೆರೆದಿರುತ್ತದೋ ಮುಚ್ಚಿರುತ್ತದೋ, ಅದನ್ನು ಮೊದಲು ಹೇಳಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ನನ್ನ ಭಾವನಿಗೂ ಬಂದಿತ್ತು.

ಭಾವ ಇರುವುದು ಟೆಕ್ಸಸ್‌ನಲ್ಲಿ. ಅಲ್ಲಿ ಅವರ ಶಿಕಾರಿ ಎಂದರೆ ಗುತ್ತಿಗೆ ಹಿಡಿದ ಜಮೀನಿನ ಅಟ್ಟಣೆಯಲ್ಲಿ ಕೂತು, ಯಂತ್ರ ಹೊತ್ತು ಹೊತ್ತಿಗೆ ಚೆಲ್ಲುವ ಜೋಳ ತಿನ್ನಲು ಬರುವ ಬಿಳಿಬಾಲದ ಜಿಂಕೆಗೆ ನೂರು ಗಜದೊಳಗೆ ಹೊಡೆಯುವುದು. ಅದಕ್ಕೆ ಅವರ ಹಳೆಯ .243 ಧಾರಾಳವಾಗಿ ಸಾಕಿತ್ತು, ಅದರಲ್ಲಿ ಚೆನ್ನಾಗಿಯೇ ಹೊಡೆಯುತ್ತಿದ್ದರು. ಕೊಲೊರಾಡೊಗೆ ಬಂದು ನನ್ನ ಜೊತೆ ಎಲ್ಕ್‌ಗೆ ಹೋಗುವುದೆಂದು ತೀರ್ಮಾನವಾದ ವಾರವೇ ಒಂದು ಅಂಗಡಿಗೆ ಹೋಗಿ .300 ವಿನ್ ಮ್ಯಾಗ್ ಕೊಂಡುಬಿಟ್ಟರು. ಎಲ್ಕ್ ಗಟ್ಟಿ ಪ್ರಾಣಿ, ಮ್ಯಾಗ್ನಮ್ ಇಲ್ಲದೆ ಬೀಳುವುದಿಲ್ಲ ಎಂದು ಅಲ್ಲಿನ ಹುಡುಗ ಹೇಳಿದನಂತೆ. ಬೆಟ್ಟ ಹತ್ತಬೇಕಲ್ಲ ಎಂದು ಇದ್ದುದರಲ್ಲೇ ಹಗುರವಾದ ಕೋವಿಯನ್ನೂ ಅವನೇ ಆರಿಸಿಕೊಟ್ಟ. ದೊಡ್ಡ ಮದ್ದು, ಹಗುರ ಕೋವಿ. ಇವೆರಡನ್ನೂ ಒಟ್ಟಿಗೆ ಮಾರುವವನು ತಾನು ಅದನ್ನು ಹೆಗಲಿಗೆ ಕೊಟ್ಟು ಒಂದು ಪೆಟ್ಟಿಗೆ ಖಾಲಿ ಮಾಡಿರಲಾರ.

ನನ್ನದು .308 ವಿಂಚೆಸ್ಟರ್. 1952ರಲ್ಲಿ ಬಂದದ್ದು. ಅದರ ಅಣ್ಣನಂತಿರುವ .30-06 ಅಮೆರಿಕದ ಸೈನ್ಯಕ್ಕೆ ಬಂದದ್ದು 1906ರಲ್ಲಿ. ಹೆಸರಿನ ಬಾಲದಲ್ಲೇ ಇಸವಿ ಇದೆ. ಭಾವನ .300 ವಿನ್ ಮ್ಯಾಗ್ 1963ರದ್ದು. ಮೂರರ ಗುಂಡಿನ ವ್ಯಾಸವೂ ಒಂದೇ, .308 ಇಂಚು. ವ್ಯತ್ಯಾಸ ಇರುವುದು ಹಿಂದಿನ ಹಿತ್ತಾಳೆ ಕೊಳವೆ ಎಷ್ಟು ಮದ್ದು ಹಿಡಿಯುತ್ತದೆ ಎಂಬುದರಲ್ಲಿ. ನನ್ನದು 165 ಗ್ರೇನಿನ ಗುಂಡನ್ನು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಕಳಿಸಿದರೆ ಅವರದು 180 ಗ್ರೇನಿನದನ್ನು 2,950ರ ಆಸುಪಾಸಿನಲ್ಲಿ ಕಳಿಸುತ್ತದೆ. ಎರಡನ್ನೂ ಇನ್ನೂರು ಗಜಕ್ಕೆ ಸರಿಹೊಂದಿಸಿಕೊಂಡರೆ ಮುನ್ನೂರು ಗಜದಲ್ಲಿ ಗುಂಡು ಇಳಿಯುವುದರಲ್ಲಿ ಇರುವ ವ್ಯತ್ಯಾಸ ಒಂದೆರಡು ಇಂಚು. ಎಲ್ಕ್‌ನ ಎದೆಗೂಡಿನಲ್ಲಿ ಹೊಡೆಯಬೇಕಾದ ಜಾಗ ಒಂದು ಅಡಿಗೂ ಮೀರಿ ಇದೆ. ಕೊಲೊರಾಡೊದ ನಿಯಮ ಕೇಳುವುದು ನೂರು ಗಜದಲ್ಲಿ 1,000 ಅಡಿ-ಪೌಂಡ್ ಹೊಡೆತ, ಕಾಲಿಂಚಿಗೆ ಸ್ವಲ್ಪ ಕಡಿಮೆ ಅಂದರೆ .24 ವ್ಯಾಸ, ಎಲ್ಕ್‌ಗೆ ಕನಿಷ್ಠ 85 ಗ್ರೇನಿನ, ಬಡಿದಾಗ ಅರಳುವ ಗುಂಡು. ನನ್ನ .308 ಅಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಹೊಡೆತ ಕೊಡುತ್ತದೆ. ಆದರೆ ಒಂದೇ ತೂಕದ ಕೋವಿಯಲ್ಲಿ ಮ್ಯಾಗ್ನಮ್ ಒದೆಯುವುದು ಸುಮಾರು ಒಂದೂವರೆ ಪಟ್ಟು. ಕೋವಿ ಹಗುರವಾದಷ್ಟೂ ಅದು ಇನ್ನೂ ಹೆಚ್ಚು. ಈ ಲೆಕ್ಕ ಯಾವ ಅಂಗಡಿಯ ಗೋಡೆಯ ಮೇಲೂ ತೂಗುಹಾಕಿದ್ದನ್ನು ನಾನು ಕಂಡಿಲ್ಲ.

ನಮ್ಮ ಮನೆಯಲ್ಲಿ, ಮೂಡಿಗೆರೆ ಕಡೆ, ಇದ್ದದ್ದು ಬೆಳೆ ರಕ್ಷಣೆಯ ಲೈಸೆನ್ಸಿನ ಹನ್ನೆರಡು ಬೋರಿನ ಜೋಡಿ ನಳಿಗೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತುಕ್ಕು ಸಮೇತ ವಾಪಸ್ ತರುವುದು. ಅದಕ್ಕೆ ಚರೆಯೋ ಗುಂಡೋ ಎಂಬುದರ ಆಚೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಎಂಬುದು ನಮ್ಮ ಪೀಳಿಗೆಗೆ ಬರೀ ಕಥೆ. ಭಾವನೂ ನಾನೂ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನ್ನೆತ್ ಆಂಡರ್ಸನ್ ಕಥೆಗಳನ್ನು ಹಾಳೆ ಕಿತ್ತುಹೋಗುವಷ್ಟು ಓದಿದವರು. ಹಾಗಾಗಿ ನಮ್ಮ ಜಗಳಕ್ಕೆ ಪುರಾವೆಗಳೂ ಅಲ್ಲಿಂದಲೇ. ಆಂಡರ್ಸನ್ ಕೈಲಿ ಇದ್ದದ್ದು .405 ವಿಂಚೆಸ್ಟರ್, ಅದು ದೊಡ್ಡ ಕೋವಿಯಲ್ಲವಾ ಎಂದು ಭಾವ. ಚಂಪಾವತ್ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ ರಿಗ್ಬಿ ಕೋವಿ .275ರದ್ದು, ಅಂದರೆ ಹಳೆಯ ಏಳು ಮಿಲಿಮೀಟರ್ ಮೌಸರ್, ಅದೇ ತೋಟಾದಲ್ಲಿ ಬೆಲ್ ಎಂಬ ಸ್ಕಾಟ್ಲೆಂಡಿನವನು ಆಫ್ರಿಕಾದಲ್ಲಿ ನೂರಾರು ಆನೆ ಉರುಳಿಸಿದ ಎಂದು ನಾನು. "ಅವರೆಲ್ಲ ಗುರಿಕಾರರು ಮಾರಾಯ, ನಾವು ಸಾಫ್ಟ್‌ವೇರಿನವರು. ನಮಗೆ ದೊಡ್ಡದೇ ಬೇಕು" ಎಂದರು ಭಾವ. ನನ್ನ ಇಡೀ ವಾದ ಆ ಮಾತಿನಲ್ಲೇ ಇತ್ತು, ಅವರು ಅದನ್ನು ತಿರುವುಮುರುವಾಗಿ ಹಿಡಿದಿದ್ದರು.

ಬೆಟ್ಟಕ್ಕೆ ಹೋಗುವ ಮುಂಚೆ ನಮ್ಮೂರಿನ ಗುರಿ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋದೆ. ಮೇಜಿನ ಮೇಲೆ ಮರಳಿನ ಚೀಲ, ಅದರ ಮೇಲೆ ಕೋವಿ. ಪ್ರತಿ ಸಲವೂ ತೋಟಾ ನಾನೇ ತುಂಬಿಕೊಟ್ಟೆ. ಕೆಲವು ಈಡಾದ ಮೇಲೆ, ಅವರಿಗೆ ತಿಳಿಯದ ಹಾಗೆ ಮದ್ದಿಲ್ಲದ ಸುಳ್ಳು ತೋಟಾ ಒಂದನ್ನು ಹಾಕಿದೆ. ಟ್ರಿಗರ್ ಎಳೆದರು. ಟಿಕ್ ಎಂದಿತಷ್ಟೆ. ಆದರೆ ನಳಿಗೆಯ ತುದಿ ಎರಡಿಂಚು ಕೆಳಗೆ ಕುಕ್ಕಿತು, ಬಲಗಣ್ಣು ಬಿಗಿಯಾಗಿ ಮುಚ್ಚಿತ್ತು, ಹೆಗಲು ಮುಂದಕ್ಕೆ ನುಗ್ಗಿತ್ತು. ಹಾರದ ಕೋವಿಗೆ ಮೈ ಮೊದಲೇ ಹೆದರಿ ತಯಾರಾಗಿತ್ತು. ನಾನು ಏನೂ ಹೇಳಲಿಲ್ಲ, ನೋಡಿದರಾ ಎನ್ನುವ ಹಾಗೆ ನಳಿಗೆಯತ್ತ ಕೈ ತೋರಿಸಿದೆ. "ಗಾಳಿ" ಎಂದರು ಭಾವ. ನನ್ನ .308 ತಗೊಳ್ಳಿ, ನಾನು ನನ್ನ ಹೆಂಡತಿಯ 6.5 ಕ್ರೀಡ್‌ಮೋರ್ ಒಯ್ಯುತ್ತೇನೆ ಎಂದೆ. ಅಷ್ಟು ದುಡ್ಡು ಕೊಟ್ಟು ಕೊಂಡದ್ದನ್ನು ಮನೆಯಲ್ಲಿಟ್ಟು ಬರಲು ತನಗೇನು ಹುಚ್ಚೇ ಎಂದು ಕೇಳಿದರು. ಹೊರರಾಜ್ಯದವರಾದ್ದರಿಂದ ಅವರ ಪರವಾನಗಿಗೆ ನನ್ನದರ ಸುಮಾರು ಹತ್ತು ಪಟ್ಟು ದುಡ್ಡು ತೆತ್ತಿದ್ದರು, ಆ ಸಂಕಟವೂ ಇತ್ತೆನ್ನಿ.

ಮೀಕರ್ ಊರಿನ ಮೇಲಿರುವ ಫ್ಲಾಟ್ ಟಾಪ್ಸ್ ಕಡೆ ನಮ್ಮ ಡೇರೆ. ಅಕ್ಟೋಬರ್ ಕೊನೆ, ನೆರಳಿನ ಕಡೆಯಲ್ಲೆಲ್ಲ ತೆಳ್ಳಗೆ ಹಿಮ. ಒಂದು ಸಂಜೆ ನಾಲ್ಕೂವರೆಯ ಹೊತ್ತಿಗೆ ಎದುರಿನ ಇಳಿಜಾರಿನ ಆಸ್ಪೆನ್ ಮರಗಳ ಅಂಚಿಗೆ ಒಂದು ಗಂಡು ಬಂದು ಅಡ್ಡ ನಿಂತಿತು. ನಮ್ಮ ಕಡವೆಯನ್ನು ನೋಡಿದವರು ಅದಕ್ಕಿಂತ ಎತ್ತರ, ಅದಕ್ಕಿಂತ ಭಾರ ಎಂದು ಊಹಿಸಿಕೊಳ್ಳಿ. ಕೊಂಬು ಆಚೆಗೂ ಈಚೆಗೂ ಐದೈದು ಕವಲು. ದೂರ ಅಳೆಯುವ ಯಂತ್ರ 340 ಗಜ ತೋರಿಸಿತು. ಇನ್ನೂ ಹತ್ತಿರ ಹೋಗಲು ನಡುವೆ ಕಣಿವೆ ಇತ್ತು, ಹೊತ್ತೂ ಇತ್ತು. ಭಾವ ಆಗಲೇ ಬೆನ್ನುಚೀಲದ ಮೇಲೆ ಕೋವಿ ಇಟ್ಟು ಮಲಗಿಬಿಟ್ಟಿದ್ದರು. ಇದಕ್ಕೇ ತಾನೇ ಮ್ಯಾಗ್ನಮ್ ಎಂದರು.

ನಾನು ದುರ್ಬೀನಿನಲ್ಲಿ ಪ್ರಾಣಿಯನ್ನೇ ನೋಡುತ್ತಿದ್ದೆ. ಈಡಿನ ಸದ್ದಿನ ಹಿಂದೆಯೇ ದೊಪ್ಪೆಂಬ ಸದ್ದು ತಿರುಗಿ ಬಂತು. ಎಲ್ಕ್ ಎಗರಲಿಲ್ಲ, ಓಡಲಿಲ್ಲ. ಬೆನ್ನನ್ನು ಗೂನು ಮಾಡಿಕೊಂಡು ನಿಂತಿತು. ಅದನ್ನು ನೋಡಿದ ಕೂಡಲೇ ನನ್ನ ಕೈಕಾಲು ತಣ್ಣಗಾದವು. ಬೆನ್ನು ಗೂನಾಯಿತೆಂದರೆ ಹೊಟ್ಟೆ. ಎರಡನೆಯ ಈಡು ಮಣ್ಣಿಗೆ ಹೋಯಿತು. ಪ್ರಾಣಿ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು, ಅವಸರವೇ ಇಲ್ಲದೆ, ಮೇಲಿನ ದಟ್ಟ ಸ್ಪ್ರೂಸ್ ಕಾಡಿಗೆ ಹೊಕ್ಕಿತು. "ಬಿತ್ತು, ಬಿತ್ತು" ಎಂದು ಭಾವ ಎದ್ದು ನಿಂತಿದ್ದರು. ಹುಬ್ಬಿನ ಮೇಲೆ ಕೋವಿಯ ದುರ್ಬೀನು ಬಡಿದು ಅರ್ಧಚಂದ್ರದ ಗಾಯ, ರಕ್ತ ಮೂಗಿನವರೆಗೆ ಇಳಿದಿತ್ತು. ಅದು ಅವರಿಗೆ ಗೊತ್ತೇ ಆಗಿರಲಿಲ್ಲ.

ಹೊಟ್ಟೆಗೆ ಬಿದ್ದ ಪ್ರಾಣಿಯನ್ನು ಗಂಟೆಗಟ್ಟಲೆ ಬಿಟ್ಟು ಆಮೇಲೆ ಹುಡುಕಬೇಕು. ಬೇಗ ಹೋದರೆ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಆದರೆ ಮೋಡ ಕವಿಯುತ್ತಿತ್ತು, ಹಿಮ ಬಿದ್ದರೆ ಜಾಡು ಮುಚ್ಚಿಹೋಗುತ್ತದೆ. ಒಂದು ಗಂಟೆ ಕಾದು ಕಣಿವೆ ದಾಟಿದೆವು. ಹೊಡೆದ ಜಾಗದಲ್ಲಿ ಹಿಮದ ಮೇಲೆ ಕಪ್ಪು ರಕ್ತ ನಾಲ್ಕು ಹನಿ, ಜೊತೆಗೆ ಅರ್ಧ ಜೀರ್ಣವಾದ ಹಸಿರು ಹುಲ್ಲಿನ ಚೂರು. ಬೆರಳಲ್ಲಿ ತೆಗೆದು ಭಾವನ ಮೂಗಿಗೆ ಹಿಡಿದೆ. ಕೊಟ್ಟಿಗೆಯ ವಾಸನೆ. ಶ್ವಾಸಕೋಶಕ್ಕೆ ಬಿದ್ದಿದ್ದರೆ ರಕ್ತ ಗುಲಾಬಿ ಬಣ್ಣಕ್ಕೆ ತಿರುಗಿ ನೊರೆಯಾಗಿರುತ್ತಿತ್ತು.

ಬಿದ್ದ ಮರಗಳನ್ನು ದಾಟುತ್ತ, ಗೊರಸಿನ ಗುರುತು ಹಿಡಿದು ಹೋದೆವು. ಕಾಡಿನೊಳಗೆ ಕತ್ತಲೆ ಹೊರಗಿಗಿಂತ ಮೊದಲೇ ಆಗುತ್ತದೆ. ಕೊನೆಗೆ ಕಂಡಿತು: ಅಡ್ಡ ಬಿದ್ದ ದಿಮ್ಮಿಯ ಹಿಂದೆ ಕೊಂಬು ಮಾತ್ರ, ಐವತ್ತು ಗಜವೂ ಇಲ್ಲ, ಮಲಗಿತ್ತು. ಭಾವ ಕೋವಿ ಎತ್ತಿದರು. ನಾನು ಗಡಿಯಾರ ನೋಡಿ ನಳಿಗೆಯ ಮೇಲೆ ಕೈಯಿಟ್ಟೆ. ಸೂರ್ಯ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಹೊಡೆಯಬಹುದು. ಅದು ಮುಗಿದು ಕೆಲವು ನಿಮಿಷ ಆಗಿತ್ತು. ಬೆಳಕು ಹಾಕಿ ಹೊಡೆಯುವುದಂತೂ ಇಲ್ಲವೇ ಇಲ್ಲ. "ಯಾರು ನೋಡ್ತಾರೆ?" ಎಂದು ಪಿಸುಗುಟ್ಟಿದರು. ಯಾರೂ ನೋಡುತ್ತಿರಲಿಲ್ಲ. ಅದರ ಉಸಿರು ನಮಗೆ ಕೇಳುತ್ತಿತ್ತು. ಉಸಿರು ಬಿಟ್ಟಾಗ ದಿಮ್ಮಿಯ ಮೇಲೆ ಬಿಳಿ ಹಬೆ ಏಳುತ್ತಿತ್ತು. ಒಂದು ಈಡಿಗೆ ಮುಗಿಯುವ ನರಳಾಟವನ್ನು ಬೆಳಗಿನವರೆಗೆ ಉಳಿಸಿ ನಾವು ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದೆವು. ಆ ಅರ್ಧ ಗಂಟೆಯ ನಿಯಮ ಬರೆದ ಅಧಿಕಾರಿ ಯಾರೋ, ಅವನನ್ನು ಆ ರಾತ್ರಿ ಡೇರೆಯಲ್ಲಿ ಮಲಗಿ ಮನಸಾರೆ ಬೈದೆ. ನಿಯಮ ಸರಿಯಾಗಿಯೇ ಇದೆ. ಕತ್ತಲಲ್ಲಿ ಹೊಡೆಯಲು ಬಿಟ್ಟರೆ ಏನಾಗುತ್ತದೆಂದು ನಮ್ಮ ಮಲೆನಾಡಿನವರಿಗೆ ಯಾರೂ ಹೇಳಬೇಕಿಲ್ಲ. ಆದರೂ ಬೈದೆ. ಪಕ್ಕದಲ್ಲಿ ಭಾವ ಒಂದೇ ಸಮ ಮಗ್ಗುಲು ಬದಲಿಸುತ್ತಿದ್ದರು. ಹುಬ್ಬಿಗೆ ಹಚ್ಚಿದ ಪಟ್ಟಿ ಉದುರಿತ್ತು. ಮಧ್ಯರಾತ್ರಿ ಡೇರೆಯ ಮೇಲೆ ಹಿಮ ಬೀಳುವ ಸದ್ದು ಶುರುವಾದಾಗ ಇಬ್ಬರೂ ಎದ್ದು ಕೂತೆವು, ಮಾತು ಮಾತ್ರ ಇಲ್ಲ.

ಪುಣ್ಯಕ್ಕೆ ಹಿಮ ಹೆಚ್ಚು ಬೀಳಲಿಲ್ಲ. ಬೆಳಕು ಹರಿಯುವಾಗ ದಿಮ್ಮಿಯ ಹಿಂದೆ ರಕ್ತ ಮೆತ್ತಿದ ಖಾಲಿ ಜಾಗ. ಜಾಡು ಹಿಡಿದು ಹೋದರೆ, ದಿಮ್ಮಿಯಿಂದ ಇನ್ನೂರು ಗಜ ಮೇಲೆ ಒಂದು ಮರಕ್ಕೆ ಒರಗಿದ ಹಾಗೆ, ತಲೆ ತಗ್ಗಿಸಿ ನಿಂತಿತ್ತು. ಭಾವ ಮಂಡಿಯೂರಿ ಮ್ಯಾಗ್ನಮ್ ಎತ್ತಿದರು. ಟ್ರಿಗರ್ ಮುಟ್ಟುವ ಮೊದಲೇ ಅವರ ಕಣ್ಣು ಮುಚ್ಚಿಕೊಳ್ಳುವುದು ನನಗೆ ಪಕ್ಕದಿಂದ ಕಂಡಿತು. ನಾನೇ ಹೊಡೆಯೋಣವೆಂದರೆ ಇಲ್ಲಿ ಒಬ್ಬರ ಪರವಾನಗಿಗೆ ಇನ್ನೊಬ್ಬರು ಹೊಡೆಯುವಂತಿಲ್ಲ. ಅವರ ಕೋವಿ ಕಿತ್ತುಕೊಂಡು ನನ್ನದನ್ನು ಕೈಗಿಟ್ಟೆ.

"ಇದಕ್ಕೆ ಬೀಳುತ್ತಾ?"

"ಹೊಡೀರಿ ಭಾವ. ಮುಂಗಾಲಿನ ಹಿಂದೆ."

ನಾವಿದ್ದಲ್ಲಿಂದ ಎಂಬತ್ತು ಗಜ ಇರಬಹುದು. ಅವರ .243ರಲ್ಲಿ ಜಿಂಕೆಗೆ ಹೊಡೆಯುವ ಹಾಗೆಯೇ ನಿಧಾನವಾಗಿ ಉಸಿರು ಬಿಟ್ಟು ಎಳೆದರು. ಕಣ್ಣು ತೆರೆದೇ ಇತ್ತು. ಎಲ್ಕ್ ಏಳೆಂಟು ಹೆಜ್ಜೆ ನಡೆದು ಕುಸಿಯಿತು.

ಸುಲಿಯುವಾಗ ಗೊತ್ತಾದದ್ದು ಇನ್ನೊಂದಿದೆ. ಹಿಂದಿನ ಸಂಜೆಯ ಗುಂಡು ಹುಲ್ಲು ತುಂಬಿದ ಹೊಟ್ಟೆಯೊಳಗೆ ಚೂರುಚೂರಾಗಿ, ತಾಮ್ರದ ಹೊದಿಕೆಯ ಎರಡು ತುಣುಕು ಬಿಟ್ಟರೆ ಏನೂ ಸಿಗಲಿಲ್ಲ. ಅಂಗಡಿಯವನು ಕೊಟ್ಟದ್ದು ಜಿಂಕೆಗೆಂದು ಮಾಡಿದ, ಬೇಗ ಒಡೆಯುವ ಅಗ್ಗದ ಗುಂಡು. ತೋಟಾದ ಹೆಸರಿಗೆ ಸಾವಿರಾರು ಮಾತು, ಗುಂಡಿನ ಬಗ್ಗೆ ಒಂದೂ ಇಲ್ಲ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬವರು ಮೂಸ್‌ಗೆ ಹೊಡೆದ ಗುಂಡುಗಳು ಹೀಗೇ ಚರ್ಮದಾಚೆ ಒಡೆದು ಒಳಗೆ ಇಳಿಯಲೇ ಇಲ್ಲ. ಅವರ ಕೈಲಿದ್ದದ್ದೂ ಮ್ಯಾಗ್ನಮ್ಮೇ, .300 ಎಚ್ ಅಂಡ್ ಎಚ್. ತೋಟಾ ಬದಲಿಸುವ ಬದಲು ಅವರು ಗುಂಡನ್ನೇ ಬದಲಿಸಿದರು: ನಡುವೆ ತಾಮ್ರದ ಗೋಡೆ ಇಟ್ಟು, ಮುಂದಿನ ಅರ್ಧ ಅರಳಿದರೂ ಹಿಂದಿನರ್ಧ ಇಡಿಯಾಗಿ ನುಗ್ಗುವ ಹಾಗೆ. ಅದೇ ಪಾರ್ಟಿಷನ್. ನನ್ನ .308ರಲ್ಲಿ ಇದ್ದದ್ದು ಅದು. ಎರಡೂ ಶ್ವಾಸಕೋಶ ದಾಟಿ ಆಚೆ ಬದಿಯ ಚರ್ಮದಡಿ ಸಿಕ್ಕಿತು, ತಲೆ ಅಣಬೆಯಂತೆ ಅರಳಿ.

ಒಳ ಸೊಂಟದ ಮೆದು ಮಾಂಸವೆಲ್ಲ ಹೊಟ್ಟೆಯ ಹೊಲಸು ತಾಗಿ ಹಾಳಾಗಿತ್ತು. ಉಳಿದದ್ದನ್ನು ಹೊತ್ತು ತರಲು ಸಂಜೆಯಾಯಿತು.

ಹೊಸಬರಿಗೆ ಹೇಳುವುದಾದರೆ: .270, .308, .30-06, ಯಾವುದಾದರೂ ಆದೀತು, ಬೆಟ್ಟದ ಬುಡದ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಉಳಿದ ದುಡ್ಡನ್ನು ಒಳ್ಳೆಯ ಗುಂಡಿಗೆ, ಅಭ್ಯಾಸಕ್ಕೆ ಹಾಕಿ. ಗೆಳೆಯನ ಕೈಲಿ ಸುಳ್ಳು ತೋಟಾ ಹಾಕಿಸಿ ನೋಡಿಕೊಳ್ಳಿ. ಎಚ್-1ಬಿ ಮುಂತಾದ ವೀಸಾದಲ್ಲಿ ಇರುವವರು ಶಿಕಾರಿ ಪರವಾನಗಿ ಕೈಗೆ ಬರುವವರೆಗೆ ಕೋವಿ ಮುಟ್ಟಲೂ ಹೋಗಬೇಡಿ, ಅದು ಇಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ.

ಈಚೆಗೆ ಅಕ್ಕನ ಮನೆಗೆ ಹೋಗಿದ್ದೆ. ಕೊಂಬು ಗೋಡೆಯ ಮೇಲಿದೆ, ಅದರ ಕೆಳಗೆ ಗಾಜಿನ ಡಬ್ಬಿಯಲ್ಲಿ ಆ ಅಣಬೆ ಗುಂಡು. ಬಂದ ನೆಂಟರಿಗೆಲ್ಲ ಭಾವ ಅದನ್ನು ಅಂಗೈ ಮೇಲಿಟ್ಟು ತೋರಿಸಿ, ಮುನ್ನೂರರ ಹೊಡೆತ ಅಂದರೆ ಇದು ಎನ್ನುತ್ತಿದ್ದರು. ವ್ಯಾಸ ಒಂದೇ ಆದ್ದರಿಂದ ಯಾರಿಗೂ ಅನುಮಾನ ಬರುವ ಹಾಗಿಲ್ಲ. ಅಕ್ಕ ಕಾಫಿ ಲೋಟ ಕೊಡುವ ನೆಪದಲ್ಲಿ ನನ್ನ ಕಾಲು ತುಳಿದಳು, ನಾನು ಸುಮ್ಮನಾದೆ. ಇಲ್ಲಿ ಕಾಲು ತುಳಿಯುವವರಿಲ್ಲ: ಡಬ್ಬಿಯ ಮುಚ್ಚಳ ತೆಗೆದು ಗುಂಡಿನ ಬಾಯಿಯೊಳಗೆ ನೋಡಿ, ನಡುವಿನ ಗೋಡೆ ಕಾಣುತ್ತದೆ. ಅದು ನನ್ನ ಪೆಟ್ಟಿಗೆಯದು, 165 ಗ್ರೇನಿನದು.