ಎಲೆ ಮೇಲಕ್ಕೆ ಮುಟುರಿತೋ, ಕೆಳಕ್ಕೋ?

ನಮ್ಮ ಯಮನೂರಿನ ಬೆಣ್ಣಿಹಳ್ಳದ ದಂಡೆಯ ಎರೆಹೊಲಗಳಲ್ಲಿ ಮೆಣಸಿನ ಗಿಡ ಮುಟುರಿಕೊಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಅಣ್ಣಾ, ಯಾವ ಎಣ್ಣಿ ಹೊಡೀಲಿ?’ ಎಣ್ಣಿ ಅಂದರೆ ನಮ್ಮಲ್ಲಿ ಕೀಟನಾಶಕ. ಇಷ್ಟು ವರ್ಷ ಮೆಣಸಿನಕಾಯಿ ಬೆಳೆದ ಮೇಲೆ ನಾನು ಮೊದಲು ಕೇಳುವುದು: ‘ಎಲಿ ಮ್ಯಾಲಕ್ಕ ಮುಟುರ್ಯಾವೋ, ಕೆಳಕ್ಕೋ?’

ಎಲ್ಲ ಇರುವುದು ಅದರಲ್ಲೇ. ಅಂಚು ಮೇಲಕ್ಕೆ ಎದ್ದು ದೋಣಿಯಂತಾದರೆ ಅದು ರಸ ಹೀರುವ ಥ್ರಿಪ್ಸ್ ಹುಳ. ಎಲೆ ಕೆಳಕ್ಕೆ ಬಾಗಿ, ತೊಟ್ಟು ಉದ್ದವಾದರೆ ಮೈಟ್ ನುಸಿ. ನುಸಿಗೆ ಎಂಟು ಕಾಲು, ಅದು ಕೀಟವೇ ಅಲ್ಲ. ಹಾಗಾಗಿ ಥ್ರಿಪ್ಸಿಗೆಂದು ಹೊಡೆಯುವ ಇಮಿಡಾಕ್ಲೋಪ್ರಿಡ್ ಅದನ್ನು ಮುಟ್ಟುವುದಿಲ್ಲ. ನುಸಿಗೆ ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಸಾಕು, ಖರ್ಚೂ ಕಡಿಮೆ. ಆದರೆ ಬಿರುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬಿಳಿನೊಣ ತಂದ ನಂಜು ರೋಗವಾಗಿದ್ದರೆ ಯಾವ ಎಣ್ಣೆಯೂ ಇಲ್ಲ. ಗಿಡ ಕಿತ್ತು ಹೂಳಬೇಕು.

ನಮ್ಮಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಒಂದೇ ಹೊಲದಲ್ಲಿ ಬೆಳೆಯುವ ರೂಢಿ. ರಸ ಹೀರುವ ಹುಳಕ್ಕೆ ಒಂದು ಬೆಳೆ ತಪ್ಪಿದರೆ ಇನ್ನೊಂದು ಸಿಗುತ್ತದೆ. ಯೂರಿಯಾ ಹೆಚ್ಚಾಗಿ ಎಳೆ ಚಿಗುರು ಕೊಬ್ಬಿದರಂತೂ ಕೇಳುವುದೇ ಬೇಡ.

2021ರಲ್ಲಿ ಬಂದ ಕಪ್ಪು ಥ್ರಿಪ್ಸ್ ನಮ್ಮ ಲೆಕ್ಕವನ್ನೆಲ್ಲ ಬುಡಮೇಲು ಮಾಡಿತು. ದೇಶದಲ್ಲಿ ಅದು ಮೊದಲು ಕಂಡದ್ದು 2015ರಲ್ಲಿ, ಬೆಂಗಳೂರಿನ ಪಪಾಯಿ ಗಿಡದಲ್ಲಿ. 2021ರಲ್ಲಿ ಅದು ಆಂಧ್ರ, ತೆಲಂಗಾಣದ ಜೊತೆ ಕರ್ನಾಟಕದ ಮೆಣಸಿನ ಹೊಲಗಳಿಗೂ ನುಗ್ಗಿ ಹೂವಿನೊಳಗೇ ಕೂತುಬಿಟ್ಟಿತು. ಹೂ ಉದುರಿದ ಮೇಲೆ ಕಾಯಿ ಎಲ್ಲಿಂದ ಬರಬೇಕು? ಗಾಬರಿಯಲ್ಲಿ ಜನ ಎರಡು ಮೂರು ಎಣ್ಣೆ ಒಂದೇ ಪಂಪಿನಲ್ಲಿ ಬೆರೆಸಿ ಮತ್ತೆ ಮತ್ತೆ ಹೊಡೆದರು. ಹುಳ ತಿನ್ನುವ ಗುಲಗಂಜಿ ಹುಳ, ಜೇಡ ಸತ್ತವು, ಥ್ರಿಪ್ಸ್ ಉಳಿಯಿತು. ಸೈಪರ್ಮೆಥ್ರಿನ್‌ನಂಥ ಎಣ್ಣೆಗಳು ನುಸಿಯನ್ನು ಇನ್ನೂ ಹೆಚ್ಚಿಸುತ್ತವೆ.

ನಾನು ಈಗ ಹೊಲದ ಅಂಚಿಗೆ ಎರಡು ಸಾಲು ಗೋವಿನಜೋಳ ಹಾಕುತ್ತೇನೆ, ನೀಲಿ ಅಂಟುಹಾಳೆ ಕಟ್ಟುತ್ತೇನೆ. ಹುಳ ಕಂಡ ಕೂಡಲೇ 100 ಲೀಟರ್ ನೀರಿಗೆ 5 ಕಿಲೊ ಬೇವಿನ ಬೀಜದ ಕಷಾಯ ಹೊಡೆಯುತ್ತೇನೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಪೇಟೆಯ ಎಣ್ಣೆ, ಅದೂ ಸಂಜೆ, ಜೇನು ಗೂಡು ಸೇರಿದ ಮೇಲೆ. ಒಮ್ಮೆ ಹೊಡೆದ ಗುಂಪಿನ ಎಣ್ಣೆಯನ್ನೇ ಬೆನ್ನುಬೆನ್ನಿಗೆ ಹೊಡೆಯುವುದಿಲ್ಲ.

ಎಣ್ಣೆ ಮಿತಿಯಲ್ಲಿಡಲು ಇನ್ನೊಂದು ಕಾರಣವೂ ಇದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹೊರದೇಶದವರು ಕೊಳ್ಳುವ ಮುಂಚೆ ಕಾಯಿಯಲ್ಲಿ ಉಳಿದ ಕೀಟನಾಶಕದ ಅಂಶ ಪರೀಕ್ಷಿಸುತ್ತಾರೆ. ಆ ಕಾಯಿ ನಮ್ಮ ಮಕ್ಕಳ ತಾಟಿಗೂ ಬರುತ್ತದೆ.

ಅಂಗಡಿಗೆ ಹೋಗುವ ಮುಂಚೆ ಹೊಲವೆಲ್ಲ ತಿರುಗಿ, ಎಲೆಯ ಹಿಂಬದಿ ನೋಡಿ, ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿ ನೋಡಿರಿ. ಗುರುತು ಸಿಗದಿದ್ದರೆ ಆ ಎಲೆಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿ, ಆಮೇಲೆ ಡಬ್ಬಿ ಕೊಳ್ಳಿರಿ.